ಹರಿಗೋಲಿನ ಹೆಜ್ಜೆ

ಗೊರಗುಂಟೆಪಾಳ್ಯದ ನನ್ನ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು ಕುಣಿದ ಮುದುಕನನ್ನು 'ಯಾರೋ ಹುಚ್ಚ' ಅಂದವನು ನಾನೇ. ಅವನು ಹುಚ್ಚನಲ್ಲ. ಹೆಸರು ಬಸಪ್ಪ. ನನಗೆ ಅವನು ಚೆನ್ನಾಗಿ ಗೊತ್ತಿದ್ದ — ಆ ಕುಣಿತವೂ ಗೊತ್ತಿತ್ತು. ನಾವಿಬ್ಬರೂ ಸೇರಿ ಕುಣಿದದ್ದೇ ಅದು.

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಬ್ಬಿಣ ಹಿಡಿದವನು ನಾನು. ಯಾರ ಮುಂದೆಯೂ ಕೈಚಾಚಿದವನಲ್ಲ, ಯಾರೂ ನನ್ನ ನೋಡಿ ನಗುವ ಹಾಗೆ ಬದುಕಿದವನಲ್ಲ. ಬೆಂಗಳೂರಿನ ಡ್ಯಾನ್ಸ್ ತಂಡವೊಂದು ಕೃಷ್ಣಾ ನದಿಯ ನಡುಗಡ್ಡೆಯೊಂದಕ್ಕೆ ಹೊರಟಾಗ ಲೈಟಿನ ಕಂಬ ನಿಲ್ಲಿಸೋಕೆ ನನ್ನನ್ನು ಕರೆದುಕೊಂಡು ಹೋದರು. ಆ ಊರಿಗೆ ಸೇತುವೆಯಿಲ್ಲ. ಬಸಪ್ಪನ ಬಿದಿರಿನ ದುಂಡು ಹರಿಗೋಲೇ ದಾರಿ. ಊರವರೆಲ್ಲ ನದಿ ದಂಡೆಯ ಬಂಡೆ ಮೇಲೆ ಕುಣಿಯಬೇಕು, ಅವರವರ ಕೆಲಸವೇ ಹೆಜ್ಜೆಯಾಗಬೇಕು ಅನ್ನೋದು ತಂಡದ ಮೇಡಂ ಯೋಚನೆ. ಬಸಪ್ಪನ ಜೊತೆ ಕುಣಿಯಬೇಕಿದ್ದವನು ಜ್ವರ ಬಂದು ಮಲಗಿದ.

"ಬಾ ತಮ್ಮಾ, ಕಬ್ಬಿಣ ಎತ್ತೋ ಕೈ ಹುಟ್ಟು ಹಾಕೂದಿಲ್ಲೇನು?" ಅಂತ ಬಸಪ್ಪ ನನ್ನನ್ನೇ ಎಳೆದ.

ಹುಟ್ಟು ಹಾಕುವ ಹಾಗೆ ಎರಡೂ ಕೈ ಬೀಸಿ, ಮಂಡಿ ಬಗ್ಗಿಸಿ, ಸುತ್ತು ತಿರುಗಬೇಕು. ಅವನ ಹೆಂಡತಿ ನೀಲಮ್ಮ ಬಿದ್ದು ಬಿದ್ದು ನಕ್ಕಳು: "ಎಮ್ಮಿ ಕೆಸರಾಗ ಹೊರಳಾಡಿದಂಗೈತಿ!" ನನಗೆ ಸಿಟ್ಟು ಬರಲಿಲ್ಲ. ಅದೇಕೋ — ಅಷ್ಟು ಹಗುರ ನಾನು ಯಾವತ್ತೂ ಆಗಿರಲಿಲ್ಲ. ಹೊರಡುವಾಗ ಅಂಗಡಿಯ ಗುರುತು ಹೇಳಿ, "ಬೆಂಗ್ಳೂರಿಗೆ ಬಂದ್ರೆ ನಾನಿದ್ದೀನಿ ಅಣ್ಣ" ಅಂದಿದ್ದೆ.

ಕುಣಿದದ್ದನ್ನು ಮಾತ್ರ ಇಲ್ಲಿ ಯಾರಿಗೂ ಹೇಳಲಿಲ್ಲ.

ಒಂದು ದಿನ ಬಸಪ್ಪ ಬಂದೇಬಿಟ್ಟ. ಪಕ್ಕದಲ್ಲಿ ನೀಲಮ್ಮ, ಕಣ್ಣೆಲ್ಲ ಹಳದಿಯಾಗಿ, ಗೋಡೆ ಹಿಡಿದು ನಿಂತಿದ್ದಳು. "ತಮ್ಮಾ, ದೊಡ್ಡಾಸ್ಪತ್ರಿಗೆ ಹೋಗಂದಾರ. ಎಲ್ಲೈತೋ ತಿಳೀವಲ್ದು. ನೀ ಸ್ವಲ್ಪ ಕರ್ಕೊಂಡು ಹೋಗು."

ಅಂಗಡಿ ತುಂಬ ಕೆಲಸದವರು, ಟೀ ಕುಡಿಯೋಕೆ ಬಂದ ಗೆಳೆಯರು. ನಾನು ವೆಲ್ಡಿಂಗ್ ಗಾಜನ್ನು ಮುಖಕ್ಕೆ ಹಿಡಿದು ಕಬ್ಬಿಣದ ಮೇಲೆ ಬಗ್ಗಿದೆ. ಗುರುತು ಸಿಗಲಿಲ್ಲ ಅಂದುಕೊಂಡನೇನೋ — ಹೆಗಲ ಚೀಲ ಕೆಳಗಿಟ್ಟ, ಮಂಡಿ ಬಗ್ಗಿಸಿದ, ಕೈ ಬೀಸಿ ತಿರುಗಿದ. ಆ ಟ್ರಾಫಿಕ್ಕಿನ ಪಕ್ಕದಲ್ಲೇ. "ನೆನಪಾತೇನು? ನಾವಿಬ್ರೂ—"

"ಏನ್ ಗುರು, ನಿನ್ ಡ್ಯಾನ್ಸ್ ಮಾಸ್ಟರ್ರಾ?" ಅಂದ ಒಬ್ಬ. ಎಲ್ಲರೂ ನಕ್ಕರು.

"ಯಾರೋ ಹುಚ್ಚ, ಬಿಡ್ರೋ" ಅಂದೆ.

ಅವನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಚೀಲ ಎತ್ತಿಕೊಂಡ, ನೀಲಮ್ಮನ ಕೈ ಹಿಡಿದ, ಹೊರಟ. ಗೆಳೆಯರು ಚದುರಿದ ಮೇಲೆ ಓಡಿದೆ — ಬಸ್ ಸ್ಟಾಪು, ಫ್ಲೈಓವರ್ ಕೆಳಗೆ, ಗೊತ್ತಿದ್ದ ಆಸ್ಪತ್ರೆಗಳು. ಅಷ್ಟು ಜನರಲ್ಲಿ ಎಲ್ಲಿ ಅಂತ...

ಈ ವರ್ಷ ತಂಡದವರು ಮತ್ತೆ ಕರೆದರು. ಹೋದೆ. ಹರಿಗೋಲಿನಲ್ಲಿ ಬಸಪ್ಪನ ಎದುರಿಗೇ ಕೂತೆ. ಕಾಲು ಹಿಡಿಯಬೇಕು, ನೀಲಮ್ಮಕ್ಕ ಹೇಗಿದ್ದಾಳೆ ಅಂತ ಕೇಳಬೇಕು ಅಂದುಕೊಂಡೇ ಹರಿಗೋಲಿನ ಅಂಚು ಹಿಡಿದು ಕೂತಿದ್ದೆ. ನದಿ ನಡುವೆ ಅವನೇ ಹುಟ್ಟು ನಿಲ್ಲಿಸಿ ನನ್ನ ಮುಖ ನೋಡಿದ.

"ಯಾವೂರ್ರೀ ನಿಮ್ದು?"

"ಬೆಂಗಳೂರು" ಅಂದೆ.

ತಲೆಯಾಡಿಸಿ ಮತ್ತೆ ಹುಟ್ಟು ಹಾಕತೊಡಗಿದ. ಆ ಕೈ ಬೀಸುವುದನ್ನೇ, ದಡ ಮುಟ್ಟುವವರೆಗೂ, ನೋಡುತ್ತಾ ಕೂತಿದ್ದೆ.