ಹಗಲಲ್ಲಿ ಕೇಳಿದ ಕರಡಿ ಕಥೆ

ಬೆಳಗ್ಗೆ ಹೊಸೂರು ಬಿಟ್ಟಾಗ ಜಿಟಿಜಿಟಿ ಮಳೆ. ಈ ಸೀಮೆಯ ಜನಪದ ಕಥೆಗಳನ್ನು ಮಕ್ಕಳಿಗಾಗಿ ಚಿತ್ರಪುಸ್ತಕ ಮಾಡುತ್ತಿದ್ದೇನೆ. ಕರಡಿಯ ಕಥೆಯೊಂದು ನಾಟ್ರಾಂಪಾಳ್ಯದ ಮುನಿಯಮ್ಮಜ್ಜಿಗೆ ಪೂರ್ತಿ ಗೊತ್ತೆಂದು ಕೇಳಿ ಹೊರಟಿದ್ದೆ. ಅಂಚೆಟ್ಟಿಯಲ್ಲಿ ಬಸ್ಸು ಬದಲಿಸಿದೆ. ಅಲ್ಲಿಂದ ಮುಂದೆ ಕಾಡು. "ಕೈ ಒಳಗಿಕ್ಕಮ್ಮಾ, ಆನೆ ಇಳ್ದವೆ," ಎಂದ ಕಂಡಕ್ಟರು. ಮೃಗಾಲಯದಲ್ಲೂ ಆನೆಯಿಂದ ದೂರ ನಿಲ್ಲುವವಳು ನಾನು. ಊರು ಬರುವವರೆಗೆ ಕಿಟಕಿಯ ಕಡೆ ತಿರುಗಲಿಲ್ಲ.

ಅಜ್ಜಿ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದರು. ಕಥೆ ಕೇಳಿದರೆ ಮಾತ್ರ ಒಪ್ಪಲಿಲ್ಲ.

"ಹೊತ್ತು ಮುಳುಗ್ಲಿ ತಾಯಿ. ಹಗಲೊತ್ನಾಗೆ ಕಥೆ ಹೇಳುದ್ರೆ ದಾರೀಲಿ ಇರೋರು ದಾರಿ ತಪ್ತಾರೆ."

ಕೊನೆಯ ಬಸ್ಸು ನಾಲ್ಕಕ್ಕೆ. ಗೋಗರೆದೆ. ಮನೆಯವರು ಯಾರ್ಯಾರು ಎಲ್ಲೆಲ್ಲಿದ್ದಾರೆಂದು ಅಜ್ಜಿ ಯೋಚಿಸಿದರು. ಮಗ ಹೊಲದಲ್ಲಿ, ಮೊಮ್ಮಕ್ಕಳು ಅಂಗಳದಲ್ಲಿ. ಸೊಸೆ ರತ್ನ ಹೊಸೂರಿನ ಫ್ಯಾಕ್ಟರಿಯಲ್ಲಿ, ಬರುವುದು ನಾಳೆ. "ಯಾರೂ ದಾರೀಲಿಲ್ಲ," ಎಂದು ಸಮಾಧಾನ ಮಾಡಿಕೊಂಡು ಶುರು ಮಾಡಿದರು.

ಅಣ್ಣನಿಗೆ ಬುತ್ತಿ ಒಯ್ಯುವ ಹುಡುಗಿಯ ಹಿಂದೆ ಕರಡಿ ಬೀಳುವ ಕಥೆ ಅದು. ಹುಡುಗಿ ಇನ್ನೂ ನಡುಕಾಡಿನಲ್ಲಿದ್ದಳು, ಅಷ್ಟರಲ್ಲಿ ಮಗ ಹೊಲದಿಂದ ಓಡಿಬಂದ.

"ಅವ್ವಾ, ಶಿಫ್ಟಿಲ್ಲಾಂತ ರತ್ನ ಹೊಂಟ್ಬುಟ್ಟವ್ಳೆ. ಅಂಚೆಟ್ಟಿಯಿಂದ ಫೋನ್ ಮಾಡಿದ್ಲು, ಸ್ಕೂಟಿನಾಗೆ ಬತ್ತೀನಿ ಅಂತ. ಆಗ್ಲೇ ಬರ್ಬೇಕಿತ್ತು. ಈಗ ಫೋನೂ ಹೋಗ್ತಿಲ್ಲ."

ಅವನು ಬೈಕ್ ಹತ್ತಿ ಹೋದ. ಅಜ್ಜಿಯ ಮುಖ ಬಿಳಿಚಿಕೊಂಡಿತು. ನನ್ನಿಂದಲೇ ಹೀಗಾಯಿತು ಅನ್ನಿಸಿತು. ಕಥೆ ನಿಲ್ಲಿಸಿಬಿಡಿ ಅಂದೆ.

"ನಿಲ್ಸಂಗಿಲ್ಲ. ಇದು ಎಲ್ಲಿ ನಿಂತ್ರೆ ಅವ್ಳೂ ಅಲ್ಲೇ ನಿಂತ್ಕಂತಾಳೆ. ಆ ಹುಡುಗೀನ ಮನೆ ಸೇರುಸ್ಬೇಕು."

ಅಜ್ಜಿ ಮುಂದುವರಿಸಿದರು. ಇಂಥದ್ದನ್ನೆಲ್ಲ ನಂಬದ ನಾನು, ಅಜ್ಜಿಯ ಒಂದು ಮಾತೂ ತಪ್ಪದಿರಲಿ ಎಂದು ಸೆರಗು ಹಿಡಿದು ಕೂತಿದ್ದೆ. ಕಥೆಯ ಅಣ್ಣ ಬಾಗಿಲು ತೆಗೆದ, ತಂಗಿ ಒಳಗೆ ಬಂದಳು. ಕಥೆ ಮುಗಿಯಿತು. ಹೊರಗೆ ಏನೂ ಸದ್ದಿಲ್ಲ. ಇಬ್ಬರೂ ರಸ್ತೆಗೆ ಬಂದು ನಿಂತೆವು.

ಬಹಳ ಹೊತ್ತಿನ ಮೇಲೆ ಸ್ಕೂಟಿ ಬಂತು, ಹಿಂದೆಯೇ ಮಗನ ಬೈಕು. ರತ್ನಳ ಮೈಯೆಲ್ಲ ಕೆಸರು.

"ತಿರುವ್ನಾಗೆ ಮೂರು ಆನೆ ನಿಂತಿದ್ವು ಅತ್ತೆ. ಗಾಡಿ ಆಫ್ ಮಾಡಿ ಬಂಡೆ ಹಿಂದೆ ಕೂತ್ಕಂಡಿದ್ದೆ. ಉಸ್ರೂ ಬಿಡ್ಲಿಲ್ಲ."

ಅಜ್ಜಿ ಅವಳ ಕೈ ಹಿಡಿದು ಅತ್ತರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ನಾಲ್ಕರ ಬಸ್ಸಿಗೆ ಹತ್ತಿಸುವಾಗ, "ಸೇರುದ್ಮೇಲೆ ಫೋನ್ ಮಾಡು ತಾಯಿ," ಅಂದರು.

ಅದೇ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ರಸ್ತೆಯ ಮೇಲೆ ಹಸಿ ಲದ್ದಿ, ಮುರಿದ ಬಿದಿರು. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

ಹೊಸೂರು ಬಸ್ ನಿಲ್ದಾಣದಲ್ಲಿ ಇಳಿದಾಗ ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು. ಟೀ ಕುಡಿದು ಫೋನ್ ಮಾಡಿದೆ. ಆ ಕಡೆ ಮೊಮ್ಮಕ್ಕಳ ಗಲಾಟೆ.

"ಸೇರಿದೆ ಅಜ್ಜಿ."

ಅಜ್ಜಿ ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ ಮಕ್ಕಳ ಕಡೆ ತಿರುಗಿ ಹೇಳಿದ್ದು ನನಗೂ ಕೇಳಿಸಿತು: "ಆಯಮ್ಮ ಮನೆ ಕಡೆ ಸೇರ್ಕಂಡ್ಲಂತೆ. ಬನ್ರಲಾ, ಈಗ ಕಥೆ ಹೇಳ್ತೀನಿ."