ಸಾಲಿಯೊಳಗೆ ಇಟ್ಟ ಮದ್ದು

ಬೀದರಿನ ಹಳೆಯ ಮದರಸಾ ಸಿಡಿಲು ಬಡಿದು ಒಡೆಯಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನೀವೇ ಹೇಳಿ, ಬರಿಯ ಸಿಡಿಲಿಗೆ ಮೂರು ಅಂತಸ್ತಿನ ಕಟ್ಟಡದ ಒಂದು ಮಗ್ಗುಲೂ ಒಂದು ಮಿನಾರೂ ಹಾರಿಹೋಗುತ್ತವೆಯೇ? ಈ ಹಳೇ ವಾದ ಇವತ್ತು ಮತ್ತೆ ಎದ್ದದ್ದು ಸಿಮೆಂಟಿನ ವಾಸನೆಯಿಂದ. ಮುಂಬಯಿ ಅಂಧೇರಿಯ ನಮ್ಮ ಹೋಟೆಲಿನ ಬಾಗಿಲಲ್ಲಿ ಶರಣಪ್ಪ ಮಾಮಾ ನಿಂತಿದ್ದರು.

ಅವರು ಬೀದರ್ ಕಡೆಯ ಗೌಂಡಿ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ಅಡುಗೆಮನೆಗೆ ಟೈಲ್ಸ್ ಕೂರಿಸಲು ಬಂದಿದ್ದರು. ನಾವು ತಂದ ಬಿಳಿ ಟೈಲ್ಸ್ ಕಂಡರೆ ಅವರಿಗೆ ತಾತ್ಸಾರ. "ನಮ್ಮೂರ ಮದರಸಾದ ನೀಲಿ ನೋಡಬೇಕು ತಂಗಿ. ಐನೂರು ವರ್ಷ ಬಿಸಲು ತಿಂದದ, ಇನ್ನಾ ನೀಲೀನೇ ಅದ." ಬಹಮನಿಗಳ ಕಾಲದಲ್ಲಿ ಪರ್ಷಿಯಾದಿಂದ ಬಂದ ಮಂತ್ರಿಯೊಬ್ಬ ಕಟ್ಟಿಸಿದ್ದು, ಗ್ರಂಥಾಲಯ, ಪಾಠದ ಹಜಾರ, ಹುಡುಗರ ಕೋಣೆ. ಬಹಮನಿಗಳು ಹೋಗಿ ಬರೀದಶಾಹಿಗಳು, ಅವರೂ ಹೋಗಿ ಕೊನೆಗೆ ಮೊಘಲರು. "ಮೊಘಲರ ದಂಡು ಸಾಲ್ಯಾಗ ಮದ್ದು ಇಟ್ಟಿತ್ತು ನೋಡು."

ಉಡುಪಿಯವರಾದ ನಮಗೆ ಮದ್ದೆಂದರೆ ಅಮ್ಮ ಕೆಮ್ಮಿಗೆ ಕುಡಿಸುವ ಕಷಾಯ. ಸೈನಿಕರೂ ಶಾಲೆಯನ್ನು ಆಸ್ಪತ್ರೆ ಮಾಡಿದರಲ್ಲ ಎಂದು ಕರಗಿಹೋದೆ. ಗೆದ್ದವರೂ ವಿದ್ಯೆಗೆ ತಲೆಬಾಗುತ್ತಾರೆ ಎಂದು ಚರ್ಚಾಸ್ಪರ್ಧೆಯಲ್ಲಿ ಇದೇ ಸಾಕ್ಷಿ ಹಿಡಿದು ಗುಡುಗಿ, ಕಪ್ ತಂದು ಮಾಮಾಗೆ ತೋರಿಸಿದೆ.

"ಅಯ್ಯ ತಂಗಿ! ತೋಪಿನ ಮದ್ದು! ಸಿಡಿಲಿನ ಕಿಡಿ ತಾಗಿದ್ರ ಢಂ ಅನ್ನೂದು!"

ಅವರು ನಕ್ಕು ಮುಗಿಸುವಷ್ಟರಲ್ಲಿ ಕಲಸಿಟ್ಟ ಸಿಮೆಂಟ್ ಗಟ್ಟಿಯಾಗಿತ್ತು. ಆ ಕಪ್ಪಿನಲ್ಲಿ ಈಗ ಹೋಟೆಲಿನ ಚಮಚಗಳಿವೆ.

ಆಮೇಲೆ ಬೀದರಿಗೆ ಹೋಗಿ ನೋಡಿಬಂದೆ. ಮದರಸಾ ನಿಜಾಮರ ಕಾಲವನ್ನೂ ದಾಟಿ ನಿಂತಿದೆ. ಒಡೆದ ಕಡೆ ಕೋಣೆಗಳು ಬಾಯಿ ತೆರೆದಿವೆ. ಉಳಿದೊಂದು ಮಿನಾರಿನಲ್ಲಿ ಮಾಮಾ ಹೇಳಿದ ನೀಲಿ. ಅಷ್ಟು ಹೊತ್ತು ನನ್ನ ಬಾಯಿ ಮುಚ್ಚಿಸಿದ ಕಟ್ಟಡ ಇನ್ನೊಂದಿಲ್ಲ.

ಇವತ್ತು ಮಾಮಾ ಬಂದದ್ದು ಅರ್ಜಿ ಬರೆಸಲು. ವಿಕ್ರೋಳಿಯಲ್ಲಿ ಅವರ ಮಗಳು ಸುನಂದಾ ಓದುವ ಕನ್ನಡ ಶಾಲೆಯಲ್ಲಿ, ಅವಳ ತರಗತಿಯ ತುಂಬ ಪಕ್ಕದ ಬಿಲ್ಡಿಂಗ್ ಕೆಲಸದ ಸಿಮೆಂಟ್ ಚೀಲಗಳು. ಮಕ್ಕಳು ಮೆಟ್ಟಿಲ ಮೇಲೆ.

"ಸೋಮವಾರದಿಂದ ಕ್ಲಾಸೇ ಬಂದ್, ಹಿಂದಿ ಸಾಲಿಗೆ ಹಾಕು ಅಂತಾರ. ನೀ ಖಡಕ್ ಬರಿ, ತಂಗಿ."

ಖಡಕ್ಕಾಗಿಯೇ ಬರೆದೆ. 'ಚೀಲಗಳನ್ನು ಇಟ್ಟವರು' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಆ ಬಿಲ್ಡಿಂಗಿನಲ್ಲೇ ಮಾಮಾಗೆ ಕೆಲಸ. ಅವರ ಅಂಗಿಯ ಹೆಗಲಿನಲ್ಲಿ, ಚೀಲ ಕೂರುವಷ್ಟು ಅಗಲಕ್ಕೆ, ಬೂದುಬಣ್ಣದ ಹುಡಿ. ಮದ್ದನ್ನು ದಂಡು ಇಟ್ಟಿತು ಎಂದು ಇಷ್ಟು ವರ್ಷ ನಾವಿಬ್ಬರೂ ಸಲೀಸಾಗಿ ಹೇಳಿಕೊಂಡು ಬಂದಿದ್ದೆವು, ಹೊತ್ತ ಹೆಗಲು ಯಾರದೆಂದು ಕೇಳಿರಲಿಲ್ಲ.

"ಮಾಮಾ, ಒಳಗೆ ಹೊತ್ತು ಹಾಕಿದ್ದು ಯಾರು?"