ಬಿಸಿನೀರಿನ ಪಾಠಕ್ಕೆ ಶಿಡ್ಲಘಟ್ಟದ ದಾರಿ

ದಸರೆ ರಜೆಯ ಮೊದಲ ಸೋಮವಾರ ಬೆಳಿಗ್ಗೆ ನಾನು ಗೌರಿಬಿದನೂರಿನ ಬಸ್ ನಿಲ್ದಾಣ ಸೇರುವಷ್ಟರಲ್ಲಿ ಮುಬೀನಾ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಸೀಟು ಹಿಡಿದು ಕೂತಿದ್ದರು. ಕಪ್ಪು ಬುರ್ಖಾ, ತೊಡೆಯ ಮೇಲೊಂದು ಊಟದ ಡಬ್ಬಿ, ಕೈಯಲ್ಲಿ ಆಧಾರ್ ಕಾರ್ಡು. ಕಂಡಕ್ಟರ್ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು ಮುಂದೆ ಹೋದ. "ಬನ್ನಿ ಮಿಸ್" ಎಂದು ಮುಬೀನಾ ಕಿಟಕಿ ಕಡೆ ಸರಿದು ನನಗೆ ಜಾಗ ಬಿಟ್ಟರು. ಮುಖದಲ್ಲಿ ನಗು ಇರಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಬಂದಿದ್ದಾರಲ್ಲ, ಅಷ್ಟು ಸಾಕಿತ್ತು.

ಈ ಪ್ರಯಾಣ ಶುರುವಾದದ್ದು ಅವರ ಮಗಳು ಅಸ್ಮಾಳಿಂದಲೇ. ನಾನು ಗೌರಿಬಿದನೂರಿನ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನೀರಿನಲ್ಲಿ ಯಾವುದು ಕರಗುತ್ತದೆ, ಯಾವುದು ಕರಗುವುದಿಲ್ಲ ಎಂದು ಸಕ್ಕರೆ, ಉಪ್ಪು, ಮರಳು ಹಾಕಿ ತೋರಿಸುತ್ತಿದ್ದೆ. ಅಸ್ಮಾ ಎದ್ದು ನಿಂತು, "ಮಿಸ್, ರೇಷ್ಮೆಗೂಡಿನ ಅಂಟು ಬಿಸಿನೀರಲ್ಲಿ ಮಾತ್ರ ಬಿಡುತ್ತಂತೆ. ತಣ್ಣೀರಲ್ಲಿ ಯಾಕೆ ಬಿಡಲ್ಲ?" ಎಂದು ಕೇಳಿದಳು. ಇಡೀ ತರಗತಿ ನನ್ನ ಕಡೆ ತಿರುಗಿತು. ನಾನು ಬಾಯಲ್ಲಿ ಉತ್ತರ ಹೇಳಬಹುದಿತ್ತು. ಆದರೆ ನಮ್ಮದೇ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಊರಿಗೆ ಊರೇ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುತ್ತಿರುವಾಗ, ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋದರೆ ಹೇಗೆ ಅನ್ನಿಸಿತು.

ಪೋಷಕರ ಸಭೆಯಲ್ಲಿ ಇದನ್ನು ಹೇಳಿದಾಗ ಎದ್ದು ವಿರೋಧಿಸಿದವರೂ ಅಸ್ಮಾಳ ತಾಯಿಯೇ. "ನಾನು ಶಿಡ್ಲಘಟ್ಟದಲ್ಲಿ ಹುಟ್ಟಿದವಳು. ಅಸ್ಮಾಗಿಂತ ಚಿಕ್ಕವಳಿದ್ದಾಗಲೇ ನನ್ನನ್ನ ಬಿಸಿನೀರಿನ ಮುಂದೆ ಕೂರಿಸಿದ್ರು. ಆ ಕೆಲಸದಿಂದ ದೂರ ಇರ್ಲಿ ಅಂತಾನೇ ಮಗಳನ್ನ ಸ್ಕೂಲಿಗೆ ಕಳಿಸ್ತಿರೋದು. ನೀವು ಮತ್ತೆ ಅಲ್ಲಿಗೇ ಕರ್ಕೊಂಡು ಹೋಗ್ತೀನಿ ಅಂತೀರಲ್ಲ!" ಸಭೆಯಲ್ಲಿ ಅರ್ಧದಷ್ಟು ಜನ ಹೌದೆಂದು ತಲೆಯಾಡಿಸಿದರು. ಹೆಡ್ಮಾಸ್ತರರು, "ಬೇಡ ಬಿಡಿ ಮೇಡಂ, ಚಾರ್ಟ್ ತೋರಿಸಿ ಮುಗಿಸಿ" ಅಂದರು. ಕೊನೆಗೆ ನಾನು ಮುಬೀನಾ ಅವರನ್ನೇ ಕೇಳಿಕೊಂಡೆ: "ಮೊದಲು ನಾವಿಬ್ಬರೇ ಹೋಗಿ ನೋಡ್ಕೊಂಡು ಬರೋಣ. ನೀವು ಬೇಡ ಅಂದ್ರೆ ಬೇಡ."

ಬಸ್ಸು ಮಂಚೇನಹಳ್ಳಿ ದಾಟಿತು. ಮೋಡ ಮುಸುಕಿತ್ತು. ರಸ್ತೆಯ ಎರಡೂ ಕಡೆ ರಾಗಿ ತೆನೆ ಬಿಟ್ಟಿತ್ತು. ಮುಬೀನಾ ಇದ್ದಕ್ಕಿದ್ದಂತೆ ಕೇಳಿದರು: "ನಿಮ್ಮ ತಂದೆ ಏನು ಕೆಲಸ ಮಾಡ್ತಿದ್ರು ಮಿಸ್?"

"ಚಿಂತಾಮಣಿ ಮಾರ್ಕೆಟ್ಟಲ್ಲಿ ಟೊಮ್ಯಾಟೊ ತೂಗ್ತಿದ್ರು."

"ಸ್ಕೂಲಲ್ಲಿ ಹೇಳ್ಕೊತಿದ್ರಾ?"

"ಯಾರೂ ಕೇಳ್ತಾ ಇರ್ಲಿಲ್ಲ" ಅಂದೆ. "ತಕ್ಕಡಿ ಪಾಠ ಬಂದಾಗಲೂ ಕೇಳಲಿಲ್ಲ."



ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಿಸಬೇಕಿತ್ತು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ, ವಡೆ ತಿಂದೆವು. ವಡೆ ಬಿಸಿಯಾಗಿತ್ತು, ಚಟ್ನಿ ನೀರಾಗಿತ್ತು. ಅಲ್ಲಿಂದ ಶಿಡ್ಲಘಟ್ಟ ಇಪ್ಪತ್ತು ಕಿಲೋಮೀಟರಿನೊಳಗೇ. ಎರಡನೇ ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಸೇವಂತಿಗೆಯ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಸೇರಿಸಿಕೊಂಡ ಹೆಂಗಸರು ತೆಲುಗು, ಕನ್ನಡ ಬೆರೆಸಿ ಜೋರಾಗಿ ಹರಟುತ್ತಿದ್ದರು. ದ್ರಾಕ್ಷಿ ಚಪ್ಪರಗಳು ಹಿಂದೆ ಸರಿದು ಹಿಪ್ಪುನೇರಳೆ ತೋಟಗಳು ಬಂದಾಗ ಮುಬೀನಾ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಶಿಡ್ಲಘಟ್ಟದಲ್ಲಿ ಇಳಿದು ಗೂಡಿನ ಮಾರುಕಟ್ಟೆಗೆ ನಡೆದೆವು. ಉದ್ದನೆಯ ಸಾಲುಗಳಲ್ಲಿ ಬಿಳಿ, ಹಳದಿ ಗೂಡುಗಳ ರಾಶಿ. ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತದೆ, ಆದರೂ ಕೊಳ್ಳುವವರು ಕೈ ಹಾಕಿ ನೋಡದೆ ಬಿಡುವುದಿಲ್ಲ. ಮುಬೀನಾ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ನನಗೆ ಕೊಟ್ಟರು. ಒಳಗೆ ಹುಳ ಗಡಗಡ ಅಂದಿತು. ನನ್ನ ತರಗತಿಯ ಮಕ್ಕಳು ಇದಕ್ಕೆ ಮುಗಿಬೀಳುತ್ತಾರೆ ಎಂದು ನಕ್ಕೆ. ಅವರೂ ಮೊದಲ ಸಲ ನಕ್ಕರು.

ಆ ನಗು ನೂಲು ತೆಗೆಯುವ ಬೀದಿಯ ತನಕ ಉಳಿಯಲಿಲ್ಲ. ಬೆಂದ ಹುಳದ ಘಾಟು ಬಡಿದಾಗ ನಾನು ಸೆರಗನ್ನು ಮೂಗಿಗೆ ಹಿಡಿದೆ. ಅವರು ಹಿಡಿಯಲಿಲ್ಲ. ಫೋನಿನಲ್ಲಿ ಮೊದಲೇ ಮಾತಾಡಿದ್ದ ಬಾಬಾಜಾನ್ ಸಾಹೇಬರ ಘಟಕದ ಬಾಗಿಲಿಗೆ ಬಂದಾಗ ಮುಬೀನಾ ನಿಂತೇಬಿಟ್ಟರು.

"ನೀವು ಹೋಗಿ ಮಿಸ್. ನಂಗೆ ಆಗಲ್ಲ."

ನಾನು ಒಳಗೆ ಹೋಗಲಿಲ್ಲ. "ನೀವು ನೋಡದೆ ನಾನೊಬ್ಬಳೇ ನೋಡಿ ಏನು ಮಾಡ್ಲಿ? ಹೀಗೇ ವಾಪಸ್ ಹೋಗೋಣ ಅಂದ್ರೂ ಸರಿ, ನಡೀರಿ" ಅಂದೆ. ನಿಜವಾಗಿಯೂ ಹೊರಟುಬಿಡಲು ಸಿದ್ಧಳಾಗಿದ್ದೆ.

ಅಷ್ಟರಲ್ಲಿ ಸಾಹೇಬರು, ಅರವತ್ತು ದಾಟಿದವರು, ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಹೊರಬಂದರು. ಮುಬೀನಾ ಉರ್ದುವಿನಲ್ಲಿ ಸಲಾಂ ಹೇಳಿ, ನನಗೂ ತಿಳಿಯಲೆಂದೋ ಏನೋ, ಕನ್ನಡದಲ್ಲಿ ನೇರವಾಗಿ ಕೇಳಿದರು: "ಒಳಗೆ ಮಕ್ಕಳು ಕೆಲಸ ಮಾಡ್ತಾರಾ?"

"ಇಲ್ಲಮ್ಮ, ಆ ಕಾಲ ಹೋಯ್ತು."

"ನಾನೇ ನೋಡ್ತೀನಿ."

"ನೋಡಮ್ಮ, ನೋಡು."

ಆಕೆ ಒಳಗೆ ನಡೆದರು. ಒಲೆಯ ಕೋಣೆಗೆ ಹೋದರು, ಹಿಂದಿನ ಅಂಗಳಕ್ಕೆ ಹೋದರು, ಮೆಟ್ಟಿಲು ಹತ್ತಿ ಮೇಲಿನ ಮಹಡಿಯ ಬಾಗಿಲನ್ನೂ ತಳ್ಳಿ ನೋಡಿದರು. ನಾನೂ ಸಾಹೇಬರೂ ಬಾಗಿಲಲ್ಲೇ ನಿಂತಿದ್ದೆವು. ಮುಬೀನಾ ಇಳಿದು ಬಂದು, "ಮಕ್ಕಳ್ಯಾರೂ ಇಲ್ಲ" ಅಂದರು.

ಆಮೇಲೆ ಎಲ್ಲರೂ ಒಳಗೆ ಹೋದೆವು. ನೂಲು ತೆಗೆಯುವ ಬೇಸಿನ್ನುಗಳ ಮುಂದೆ ಹೆಂಗಸರ ಸಾಲು. ನೀರಿನಲ್ಲಿ ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಗಳು ಮೇಲೆದ್ದು, ಒಂದಾಗಿ, ರಾಟೆಗೆ ಸುತ್ತಿಕೊಳ್ಳುತ್ತಿದ್ದವು. ನಾನು ಶಾಲೆಯಿಂದ ತಂದಿದ್ದ ಥರ್ಮಾಮೀಟರ್ ತೆಗೆದೆ. ಬೇಯಿಸುವ ಪಾತ್ರೆಯಲ್ಲಿ ಪಾದರಸ ನೂರರ ಹತ್ತಿರಕ್ಕೆ ಏರಿತು, ಬೇಸಿನ್ನಿನಲ್ಲಿ ಅದರ ಅರ್ಧಕ್ಕಿಂತ ಕೆಳಗೇ ನಿಂತಿತು. ಸಾಹೇಬರು ತಣ್ಣೀರಿನಲ್ಲಿ ಒಂದು ಗೂಡು ಮುಳುಗಿಸಿ ಎಳೆ ಹುಡುಕಿ ತೋರಿಸಿದರು. ಬಿಗಿಯಾಗಿ ಅಂಟಿಕೊಂಡೇ ಇತ್ತು, ಬಿಡಲಿಲ್ಲ. ಅದನ್ನೇ ಬೇಯಿಸಿ ತಂದಾಗ ಎಳೆ ಸರಾಗವಾಗಿ ಬಂತು. ನನಗೆ ಪಾಠ ಕಣ್ಣ ಮುಂದೆ ತಯಾರಾಗಿಬಿಟ್ಟಿತ್ತು.

ಮುಬೀನಾ ಮಾತ್ರ ಕೊನೆಯ ಬೇಸಿನ್ನಿನ ಹೆಂಗಸಿನ ಬೆರಳುಗಳನ್ನು ನೋಡುತ್ತ ನಿಂತಿದ್ದರು. ಬೆಳ್ಳಗೆ ಸುಕ್ಕುಗಟ್ಟಿ ಊದಿಕೊಂಡಿದ್ದ ಬೆರಳುಗಳು. "ಉರಿಯಲ್ವಾ ಅಕ್ಕ?" ಎಂದು ಕೇಳಿದರು.

"ರಾತ್ರಿ ಉರೀತೈತೆ. ಅನ್ನ ಕಲಸೋವಾಗ ಖಾರ ತಗಲಿದ್ರೆ ಇನ್ನೂ ಉರೀತೈತೆ" ಎಂದು ಆಕೆ ಕೈ ನಿಲ್ಲಿಸದೆ ಹೇಳಿದರು.

ಮಧ್ಯಾಹ್ನ ಮಾರುಕಟ್ಟೆಯ ಹತ್ತಿರ ಮರದ ಕೆಳಗೆ ಕೂತು ಡಬ್ಬಿ ಬಿಚ್ಚಿದೆವು. ಚಪಾತಿ, ಮೊಟ್ಟೆ ಪಲ್ಯ. ನಾನು ಕೇಳುವುದಕ್ಕೆ ಮೊದಲೇ ಅವರು ಶುರುಮಾಡಿದರು.

"ಮಕ್ಕಳನ್ನ ಕರ್ಕೊಂಡು ಬನ್ನಿ ಮಿಸ್. ಬೇಯಿಸೋ ಪಾತ್ರೆ ಹತ್ರ ಯಾರನ್ನೂ ಬಿಡಬಾರ್ದು. ಮತ್ತೆ ನಾನೂ ಬರ್ತೀನಿ."

"ನೀವು ಬಂದ್ರೆ ನನಗೆ ಇನ್ನೂ ಧೈರ್ಯ."

"ಸುಮ್ನೆ ಕಾವಲಿಗೆ ಬರಲ್ಲ. ಬಿಸಿನೀರು ಅಂಟಿಗೆ ಏನು ಮಾಡುತ್ತೆ ಅಂತ ನೀವು ಹೇಳಿ. ಕೈಗೆ ಏನು ಮಾಡುತ್ತೆ ಅಂತ ನಾನು ಹೇಳ್ತೀನಿ. ಎರಡೂ ಗೊತ್ತಾಗ್ಲಿ."

ನನ್ನ ಪಾಠದಲ್ಲಿ ಆ ಎರಡನೆಯ ಭಾಗ ಇರಲಿಲ್ಲ. ಬೇರೆಬೇರೆಯಾಗಿ ಹೇಳುವುದು ಬೇಡ, ಇಬ್ಬರೂ ಒಟ್ಟಿಗೇ ಬೇಸಿನ್ನಿನ ಪಕ್ಕದಲ್ಲಿ ನಿಂತು ಹೇಳೋಣ ಅಂದೆ. ಕೈಗವಸು ಹಾಕಿ ಯಾಕೆ ಕೆಲಸ ಮಾಡಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಏನು ಹೇಳುವುದು ಅಂದೆ. "ಎಳೆ ಕೈಗೆ ಸಿಗಲ್ಲ ಅಂತ ಹೇಳಣ. ಆಮೇಲೆ ಅವರೇ ಏನಾದ್ರೂ ಯೋಚ್ನೆ ಮಾಡ್ಲಿ, ಓದೋ ಮಕ್ಕಳಲ್ವಾ" ಎಂದು ಮುಬೀನಾ ಚಪಾತಿ ಮುರಿದರು.

ವಾಪಸ್ ಬರುವ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನ ಕಾಲೇಜು ಹುಡುಗಿ ಮೂಗು ಸಿಂಡರಿಸಿ ಎರಡು ಸಲ ಹಿಂದಕ್ಕೆ ನೋಡಿದಳು. ವಾಸನೆ ನಮ್ಮ ಬಟ್ಟೆಗೆ ಹತ್ತಿಕೊಂಡಿತ್ತು. "ರೇಷ್ಮೆ ವಾಸನೆ ಕಣಮ್ಮ, ನೂಲು ತೆಗೆಯೋ ಕಡೆ ಹೋಗಿದ್ವಿ" ಎಂದು ಮುಬೀನಾ ಬಸ್ಸಿಗೆಲ್ಲ ಕೇಳುವಂತೆ ಹೇಳಿದರು. ಹುಡುಗಿ ನಾಚಿ ನಕ್ಕಳು. ಚಿಕ್ಕಬಳ್ಳಾಪುರ ಬರುವ ಹೊತ್ತಿಗೆ ತುಂತುರು ಶುರುವಾಗಿತ್ತು, ಬೆಟ್ಟಗಳು ಮೋಡದಲ್ಲಿ ಮುಚ್ಚಿಹೋಗಿದ್ದವು.

ಗೌರಿಬಿದನೂರಿನಲ್ಲಿ ಇಳಿದಾಗ ಬೀದಿದೀಪಗಳು ಹತ್ತಿದ್ದವು. "ರಜೆ ಮುಗಿದ ಮೇಲೆ ಹೆಡ್ಮಾಸ್ತರಿಗೆ ಏನಂತ ಹೇಳ್ಲಿ?" ಎಂದು ಕೇಳಿದೆ.

"ನೀವ್ಯಾಕೆ ಹೇಳ್ತೀರ? ಸಭೇಲಿ ಬೇಡ ಅಂದವಳು ನಾನು. ಮತ್ತೆ ಸಭೆ ಕರೀರಿ, ನಾನೇ ಎದ್ದು ಹೇಳ್ತೀನಿ" ಅಂದರು. ಬುರ್ಖಾದ ಅಂಚನ್ನು ಕೆಸರಿನಿಂದ ಮೇಲಕ್ಕೆತ್ತಿ ಹಿಡಿದು, ಆಟೋಗಳ ನಡುವೆ ದಾರಿ ಮಾಡಿಕೊಂಡು, ಮನೆಯ ಕಡೆ ಬಿರಬಿರನೆ ನಡೆದರು.